ಅಳಿಯ ಹತ್ತಬಾರದ ಬುರುಜು

ಬಕ್ಕೇಶನ ಫೋನು ಬಂದಾಗ ನಾನು ಬೆಳಗಿನ ಪೂಜೆ ಮುಗಿಸಿ ಇಷ್ಟಲಿಂಗವನ್ನು ಕರಡಿಗೆಯಲ್ಲಿ ಇಡುತ್ತಿದ್ದೆ. ಸೊಸೆ ರಶ್ಮಿತಾ ಫೋನನ್ನು ತಂದು ಕೊಟ್ಟು, "ಬುರುಜಿನ ಮಾವಾರು" ಎಂದಳು.

ಬಕ್ಕೇಶ ನನ್ನ ಹೆಂಡತಿಯ ತಮ್ಮ. ಹೆಂಡತಿ ಶಾಂತಕುಮಾರಿ ಈ ವರ್ಷದ ಆಷಾಢದಲ್ಲಿ ಶಿವನ ಪಾದ ಸೇರಿದಳು. ಅವಳ ಅಂಗೈಯಲ್ಲಿ ಅವಳ ಇಷ್ಟಲಿಂಗವನ್ನಿಟ್ಟು, ಕೂರಿಸಿ, ವಿಭೂತಿ ಪತ್ರೆ ಹಾಕಿ ಮಣ್ಣು ಕೊಟ್ಟು ಬಂದೆವು. ಅಂದು ಸಂಜೆ ರಶ್ಮಿತಾ ದೇವರ ಮನೆಯಲ್ಲಿ ದೀಪ ಹಚ್ಚಿದಳು. ನಮ್ಮಲ್ಲಿ ಸೂತಕವಿಲ್ಲ. ಸತ್ತವರು ಲಿಂಗದಲ್ಲಿ ಬೆರೆತರೆಂದ ಮೇಲೆ ಮೈಲಿಗೆ ಎಲ್ಲಿಂದ ಬರಬೇಕು? ಇದನ್ನು ನಾನು ಎಷ್ಟೋ ಮನೆಗಳ ಸಾವಿನಲ್ಲಿ ಹೇಳಿದ್ದೇನೆ. ನನ್ನ ಮನೆಯಲ್ಲಿ ಆ ದೀಪವನ್ನು ನೋಡಲಾಗದೆ ಹಿತ್ತಲಿಗೆ ಹೋಗಿ ಕೂತೆ. ಆಮೇಲೂ ದೀಪ ಹಚ್ಚುವ ಹೊತ್ತಿಗೆ ಹಿತ್ತಲಿಗೆ ಹೋಗುವುದೇ ಅಭ್ಯಾಸವಾಯಿತು. ರಶ್ಮಿತಾ ಅದನ್ನು ಕಂಡೂ ಕಾಣದಂತೆ ಇದ್ದಳು.

"ಭಾವ, ಬರೋ ಸೋಮವಾರ ಕಾರ್ತಿಕದ ಮೊದಲ್ನೇ ಸೋಮವಾರ" ಎಂದ ಬಕ್ಕೇಶ.

"ಗೊತ್ತೈತಪ್ಪ."

"ಅಕ್ಕನ ಪಾಳಿ."

"ಅದೂ ಗೊತ್ತೈತೆ. ನಿನ್ನ ಹೆಂಡ್ತಿ ದೀಪ ಹಚ್ತಾಳೆ ಬಿಡು."

"ಅವಳು ಹೆಂಗೆ ಹಚ್ತಾಳ್ರಿ? ಅಕ್ಕ ಹೋದ ಮ್ಯಾಲೆ ಮೊದಲ್ನೇ ಸಲ ಇದು. ದುಃಖ ಯಾರದೋ ಅವರ ಕೈ ಮೊದಲು. ನೀವು ಬಂದು ಹಚ್ಚಬೇಕು. ಇಲ್ಲಾಂದ್ರೆ ಆ ಸಂಜೆ ಪಾಳಿ ನಮ್ಮ ಮನಿಗೆ ಸೇರ್ಕೊಳ್ತೈತೆ. ಮುಂದಕ್ಕೆ ಅಕ್ಕನ ಸೋಮವಾರ ಅಂತ ಇರಂಗಿಲ್ಲ."

"ಅಳಿಯ ಬುರುಜು ಹತ್ತಂಗಿಲ್ವಲ್ಲೋ."

"ಯಾರು ಹೇಳಿದ್ದು?"

"ನಿಮ್ಮ ಮನಿ ಕಟ್ಟಳೆ. ನನ್ನ ಕೇಳ್ತೀಯಲ್ಲ."

"ಅಂಥ ಕಟ್ಟಳೆ ಇಲ್ರಿ ಭಾವ. ನಮ್ಮ ಅಜ್ಜನ ಅಳಿಯ ಒಬ್ಬ ಇದ್ದ. ಸೋದರತ್ತೆ ಹೋದ ಮ್ಯಾಲೆ ಆಕಿ ಪಾಳಿ ಅವನೇ ಹಚ್ತಿದ್ದ. ಮ್ಯಾಲೆ ಹೋದ್ರೆ ಒಂದು ಬೀಡಿ ಸೇದಿ, ನಶ್ಯ ಏರಿಸಿ, ಆಮ್ಯಾಗೆ ಇಳೀತಿದ್ದ ಅಂತ ನಮ್ಮಪ್ಪ ಬೈತಿದ್ದ."

ನಾನು ಫೋನು ಇಟ್ಟೆ. ಬಕ್ಕೇಶ ಬಸ್ಸಿನ ನೌಕರಿಯಲ್ಲಿ ಊರೂರು ತಿರುಗಿದವನು, ನಿವೃತ್ತಿಯಾದ ಮೇಲೆ ಮನೆಗೆ ಬಂದವನು. ಹಳೆಯ ಕಟ್ಟಳೆ ಅವನಿಗೆ ಹೇಗೆ ತಿಳಿದಿರಬೇಕು ಎಂದುಕೊಂಡೆ. ಆದರೆ ಆ ಬೀಡಿಯ ಮಾತು ಮನಸ್ಸಿನಿಂದ ಹೋಗಲಿಲ್ಲ.

ಬುರುಜಿನ ವಿಷಯ ತಿಳಿಯದವರಿಗೆ ಅದನ್ನು ಇಲ್ಲಿ ಹೇಳಬೇಕು.

ಹರಿಹರ ಬಿಟ್ಟು ಕಡರನಾಯಕನಹಳ್ಳಿ ದಾಟಿ, ಹೊಲಗಳ ನಡುವಿನ ದಾರಿ ಹಿಡಿದರೆ ಹೊಳೆಯ ದಡದಲ್ಲಿ ಒಂದು ದೊಡ್ಡ ಬಂಡೆ ಎದ್ದು ನಿಂತಿದೆ. ಊರಿನ ಕಡೆಯಿಂದ ಅದನ್ನು ಸುಲಭವಾಗಿ ಏರಬಹುದು. ಹೊಳೆಯ ಕಡೆ ಮಾತ್ರ ಗೋಡೆ ಕಡಿದ ಹಾಗೆ ನೇರವಾಗಿ ನೀರಿಗೆ ಇಳಿದಿದೆ. ತುಂಗಭದ್ರೆ ಅಲ್ಲಿ ತಿರುಗುತ್ತಾಳೆ. ತಿರುಗುವಲ್ಲಿ ನೀರಿನೊಳಗೂ ಕಲ್ಲುಗಳಿವೆ. ಸೇತುವೆ ಇಲ್ಲದ ಕಾಲದಲ್ಲಿ ಆಚೆ ದಡದ ಜನ ಸಂತೆಗೆ, ಆಸ್ಪತ್ರೆಗೆ, ಹೆಣ್ಣು ಕೊಡಲು ತರಲು ಹರಿಗೋಲಿನಲ್ಲಿಯೇ ದಾಟುತ್ತಿದ್ದರು. ಹಗಲು ದಾಟುವುದು ಸುಲಭ. ಕತ್ತಲಾದರೆ ಕಲ್ಲು ಕಾಣುವುದಿಲ್ಲ. ಅದಕ್ಕಾಗಿ ಬಂಡೆಯ ನೆತ್ತಿಯ ಮೇಲೆ ದೀಪದ ಬುರುಜು ಕಟ್ಟಿದರು.

ಬುರುಜು ಅಷ್ಟೇನೂ ಎತ್ತರವಲ್ಲ. ಕೆಳಗಿನ ಅರ್ಧ ಕರಿಗಲ್ಲು, ಮೇಲಿನ ಅರ್ಧ ಇಟ್ಟಿಗೆ ಮತ್ತು ಗಾರೆ. ತುದಿಯಲ್ಲಿ ಒಬ್ಬರು ನಿಂತು ತಿರುಗುವಷ್ಟು ಒಂದು ಗೂಡು. ಹೊಳೆಯ ಕಡೆ ದೊಡ್ಡ ಕಮಾನಿನ ಕಿಟಕಿ, ಊರಿನ ಕಡೆ ಗಾಳಿಯಾಡಲು ಒಂದು ಚಿಕ್ಕ ಕಿಂಡಿ. ಕಮಾನಿನ ಹತ್ತಿರ ಕಲ್ಲಿನ ದೊಡ್ಡ ಬೋಗುಣಿ. ಅದರಲ್ಲಿ ಹೊಂಗೆ ಎಣ್ಣೆ, ಬೆರಳು ದಪ್ಪದ ಬತ್ತಿ. ಬೋಗುಣಿಯ ಹಿಂದೆ ಗೂಡಿನ ಅಗಲಕ್ಕೂ ದೊಡ್ಡ ತಟ್ಟೆಯಂಥ ಒಂದು ಹಿತ್ತಾಳೆ ಪರಾತವನ್ನು ನಿಲ್ಲಿಸಿದ್ದಾರೆ. ಹುಣಸೆಹಣ್ಣು ಹಚ್ಚಿ ಬೆಳಗಿದ ಪರಾತ ಬೆಳಕನ್ನೆಲ್ಲ ಹೊಳೆಗೆ ತಳ್ಳುತ್ತದೆ. ಮೆಟ್ಟಿಲುಗಳು ಒಳಗಿಲ್ಲ. ಹೊರಗೋಡೆಯಿಂದ ಚಾಚಿಕೊಂಡ ಕಲ್ಲುಗಳೇ ಮೆಟ್ಟಿಲು. ಅವು ಬುರುಜನ್ನು ಸುತ್ತಿಕೊಂಡು ಹೋಗುತ್ತವೆ. ಹಿಡಿಯಲು ಕಂಬಿ ಇಲ್ಲ. ಒಂದು ಸುತ್ತಿನಲ್ಲಿ ಅರ್ಧ ಭಾಗ ಹತ್ತುವವನ ಕಾಲ ಕೆಳಗೆ ನೆಲವಿರುವುದಿಲ್ಲ, ಹೊಳೆಯೇ ಇರುತ್ತದೆ.

ಕಟ್ಟಿಸಿದವರು ಯಾರೆಂಬುದಕ್ಕೆ ಒಂದೊಂದು ಮನೆಯಲ್ಲಿ ಒಂದೊಂದು ಕಥೆ. ಒಬ್ಬ ಪಾಳೇಗಾರ ಕಟ್ಟಿಸಿದನೆಂದು ನನ್ನ ಮಾವನವರು ಹೇಳುತ್ತಿದ್ದರು. ಮಗನನ್ನು ಹೊಳೆಗೆ ಕಳೆದುಕೊಂಡ ಒಬ್ಬ ತಾಯಿ ಮೈಮೇಲಿನ ಬಂಗಾರ ಬಿಚ್ಚಿಕೊಟ್ಟು ಕಟ್ಟಿಸಿದಳೆಂದು ಅತ್ತೆ ಹೇಳುತ್ತಿದ್ದರು. ಅಂಬಿಗರ ಬೊಮ್ಮಣ್ಣನ ಪ್ರಕಾರ ಅವನ ಮುತ್ತಾತ ಪಾಳೇಗಾರನ ಮನೆಯ ಮುಂದೆ ಕೂತು ದಿನಗಟ್ಟಲೆ ಅರಚಿದ್ದರಿಂದಲೇ ಅದು ಆದದ್ದು. ಮೂರೂ ನಿಜವಿರಬಹುದು.

ದೀಪದ ಕೆಲಸ ಶಾಂತಕುಮಾರಿಯ ಮನೆತನಕ್ಕೆ ಬಂದದ್ದು ಹೇಗೆಂಬುದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ಮೊದಲು ಅದು ಬೇರೆ ಮನೆಯವರ ಕೈಯಲ್ಲಿತ್ತಂತೆ. ಅವರಲ್ಲಿ ಸಾವಾದರೆ, ಹೆರಿಗೆಯಾದರೆ ಸೂತಕ. ಅಷ್ಟು ದಿನ ದೀಪ ಮುಟ್ಟುವಂತಿಲ್ಲ. ಅಂಥ ಒಂದು ಸೂತಕದ ಸಂಜೆ ಹರಿಗೋಲು ಕಲ್ಲಿಗೆ ಬಡಿಯಿತು. ಆಮೇಲೆ ಊರವರು ಕೂತು ಯೋಚಿಸಿ, ಸೂತಕವಿಲ್ಲದ ಲಿಂಗವಂತರ ಮನೆಗೆ ದೀಪವನ್ನೂ ಅದರ ಎಣ್ಣೆಯ ಖರ್ಚಿಗೆಂದು ಬಿಟ್ಟಿದ್ದ ಹೊಲವನ್ನೂ ಒಪ್ಪಿಸಿದರು. ಹೆಣ್ಣುಮಕ್ಕಳೂ ಯಾವ ದಿನವೂ ತಪ್ಪದೆ ಹಚ್ಚಬಹುದಾದ್ದರಿಂದ ಆ ಮನೆಯ ದೀಪ ಹೆಚ್ಚಾಗಿ ಹೆಣ್ಣುಮಕ್ಕಳ ಕೈಯಲ್ಲೇ ಇತ್ತು. ಮದುವೆಯಾಗಿ ಹೋದವರಿಗೂ ವರ್ಷಕ್ಕೊಂದು ಸಂಜೆಯ ಪಾಳಿ ಇಟ್ಟರು. ಶಾಂತಕುಮಾರಿಯದು ಕಾರ್ತಿಕದ ಮೊದಲ ಸೋಮವಾರ.

ದುಃಖ ಯಾರದೋ ಅವರ ಕೈ ಮೊದಲು ಎಂಬ ಮಾತನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಗ ದಾವಣಗೆರೆಯಲ್ಲಿ ನಮ್ಮದು ಅರಳೆ ವ್ಯಾಪಾರ. ರಾಣೆಬೆನ್ನೂರಿನ ಕಡೆ ಅರಳೆ ನೋಡಲು ಹೋದವನು ಅತ್ತೆಯ ಮನೆಯಲ್ಲಿ ಇಳಿದುಕೊಂಡು ಹೋಗೋಣವೆಂದು ಆಚೆ ದಡಕ್ಕೆ ಬಂದು ಹರಿಗೋಲು ಹತ್ತಿದೆ. ಹುಟ್ಟು ಹಾಕುತ್ತಿದ್ದವನು ಬೊಮ್ಮಣ್ಣ. ನನ್ನ ವಯಸ್ಸಿನವನೇ. "ದೀಪ ಬಲಗಣ್ಣಿಗೆ ಇಟ್ಕಂಡ್ರೆ ಕಲ್ಲು ಎಡಕ್ಕೆ ಉಳೀತೈತ್ರಿ, ಅಷ್ಟೇ ವಿದ್ಯಾ" ಎಂದು ಹೇಳಿಕೊಡುತ್ತ ಬಂದ. ಬುರುಜಿನ ಮೇಲೆ ದೀಪ ಎಂದಿನಂತೆ ಉರಿಯುತ್ತಿತ್ತು. ದಡ ಸೇರಿ ಮನೆಗೆ ಹೋದರೆ ಅಂಗಳದಲ್ಲಿ ಜನ. ಮಾವನವರು ಮಧ್ಯಾಹ್ನ ತೀರಿಕೊಂಡಿದ್ದರು. ದೀಪ ಹಚ್ಚಿ ಆಗತಾನೆ ಇಳಿದು ಬಂದ ಅತ್ತೆ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತಿದ್ದರು. ನೀರಿನ ಮೇಲಿದ್ದ ನಮಗೆ ಏನೂ ತಿಳಿದಿರಲಿಲ್ಲ. ತಿಳಿಯಬಾರದೆಂದೇ ಆ ಕಟ್ಟಳೆ.

ನನ್ನ ಮದುವೆಯಾದ ವರ್ಷದ ಕಾರ್ತಿಕ ಅದಕ್ಕಿಂತ ಹಿಂದಿನದು. ಹೊಸ ಅಳಿಯ. ರೇಷ್ಮೆಯ ಅಂಚಿನ ಪಂಚೆ ಉಟ್ಟು, ಅಂಗಡಿಯಿಂದ ಒಳ್ಳೆಯ ಅರಳೆ ಆರಿಸಿ ಬತ್ತಿಗೆಂದು ಒಯ್ದಿದ್ದೆ. ಶಾಂತಕುಮಾರಿ ಎಣ್ಣೆಯ ಗಿಂಡಿ ಹಿಡಿದು ಮೆಟ್ಟಿಲು ಹತ್ತಿದಳು. ಅಂಗಳದಲ್ಲಿ ನಡೆದ ಹಾಗೆ ಹತ್ತಿದಳು. ಅವಳ ಹಿಂದೆ ನಾನೂ ಹೊರಟೆ. ಗೋಡೆಯ ತಿರುವಿಗೆ ಬಂದಾಗ ಕೆಳಗೆ ನೋಡಿದೆ. ಹೊಳೆ ತಿರುಗುತ್ತಿತ್ತು, ಅದರ ಜೊತೆಗೆ ಬುರುಜೂ ತಿರುಗಿದ ಹಾಗಾಯಿತು. ಅಂಗೈ ಬೆವೆತವು. ಮುಂದಕ್ಕೂ ಹೋಗಲಾರೆ, ಹಿಂದಕ್ಕೂ ಬರಲಾರೆ. ಕೆಳಗೆ ಅತ್ತೆ, ನಾದಿನಿಯರು, ಬೊಮ್ಮಣ್ಣ, ಊರಿನ ನಾಲ್ಕು ಜನ ಹೊಸ ಅಳಿಯನನ್ನೇ ನೋಡುತ್ತ ನಿಂತಿದ್ದರು.

ಆಗ ಮೇಲಿನಿಂದ ಅವಳ ದನಿ ಬಂತು.

"ಅಯ್ಯೋ, ನೀವ್ಯಾಕ ಬಂದ್ರಿ? ಅಳಿಯಂದ್ರು ಹತ್ತಂಗಿಲ್ಲ ನಮ್ಮಲ್ಲಿ. ಹೇಳೋದು ಮರೆತೆ ನಾನು. ಗೋಡಿ ಹಿಡ್ಕಂಡು ಇಳೀರಿ, ಹಿಂದಿನ ಕಲ್ಲಿನ ಮ್ಯಾಲೆ ಕೂಡ್ರಿ."

ನಾನು ಕಟ್ಟಳೆಗೆ ತಲೆಬಾಗುವವನಂತೆ ಇಳಿದು ಬಂದೆ. ಅತ್ತೆ ಏನೋ ಹೇಳಲು ಬಾಯಿ ತೆರೆದರು. ಮೇಲೆ ಮಗಳತ್ತ ನೋಡಿ, ಬಾಯಿ ಮುಚ್ಚಿಕೊಂಡು, "ಹೌದಪ್ಪ, ಕೂಡು" ಎಂದರು.

ಬುರುಜಿನ ಹಿಂದೆ, ಊರಿನ ಕಡೆ, ಇಬ್ಬರು ಕೂರುವಂಥ ಒಂದು ಚಪ್ಪಟೆ ಕಲ್ಲಿದೆ. ಅಂದಿನಿಂದ ಅದು ನನ್ನ ಜಾಗವಾಯಿತು. ಅರ್ಧ ಶತಮಾನ ಪ್ರತಿ ವರ್ಷವೂ ಅಲ್ಲಿ ಕೂತೆ. ಬೊಮ್ಮಣ್ಣ ಬಂದು ಪಕ್ಕದಲ್ಲಿ ಕೂರುತ್ತಿದ್ದ. ದಾವಣಗೆರೆಯಿಂದ ನಾನು ಒಯ್ದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಬ್ಬರೂ ತಿನ್ನುತ್ತಿದ್ದೆವು. "ಅರಳೆ ಕೊಡೋಕೆ ಅಳಿಯ ಬೇಕು, ಹತ್ತೋಕೆ ಬ್ಯಾಡ. ಎಂಥ ಕಟ್ಟಳೆನಪ್ಪ ನಿಮ್ಮೂರಿಂದು" ಎಂದು ನಾನು ವರ್ಷವೂ ಆಡಿಕೊಳ್ಳುತ್ತಿದ್ದೆ. ಬೊಮ್ಮಣ್ಣ ಗಂಭೀರವಾಗಿ ತಲೆಯಾಡಿಸಿ, "ಹಿರೇರು ಮಾಡಿದ್ದು ಸಾವ್ಕಾರ್ರೆ, ಮೀರಂಗಿಲ್ಲ" ಎನ್ನುತ್ತಿದ್ದ.

ದೀಪ ಹೊತ್ತಿಕೊಂಡ ಮೇಲೆ ಶಾಂತಕುಮಾರಿ ಹಿಂದಿನ ಕಿಂಡಿಯಿಂದ ಇಣುಕಿ, "ಕೂತೀರೇನ್ರಿ?" ಎಂದು ಕೇಳುತ್ತಿದ್ದಳು. "ಕೂತೀನಿ" ಎನ್ನುತ್ತಿದ್ದೆ. ಕಿಂಡಿಯಿಂದ ಒಂದಿಷ್ಟು ಬೆಳಕು ಕಲ್ಲಿನ ಮೇಲೆ ಬೀಳುತ್ತಿತ್ತು. ದಡದ ಜನಕ್ಕೂ ಬೆಳಕಿರಲೆಂದು ಹಿಂದಿನವರು ಎಷ್ಟು ಯೋಚಿಸಿ ಕಟ್ಟಿದ್ದಾರೆ ಎಂದು ನಾನು ಮೆಚ್ಚಿಕೊಳ್ಳುತ್ತಿದ್ದೆ. ದಾವಣಗೆರೆಗೆ ಬಂದ ಮೇಲೆ ಅಂಗಡಿಯಲ್ಲಿ ಕೂತವರಿಗೂ ಅದನ್ನು ವಿವರಿಸುತ್ತಿದ್ದೆ.

ಸೇತುವೆಗಳಾದವು. ಹರಿಗೋಲು ದಡದಲ್ಲಿ ಬೋರಲು ಬಿದ್ದು ಒಣಗಿತು. ಬುರುಜಿನ ಮೇಲೆ ಪಂಚಾಯಿತಿಯವರು ಬಲ್ಬು ಹಾಕಿ, ಕೆಳಗೆ ಸ್ವಿಚ್ಚು ಇಟ್ಟರು. ಕಾರ್ತಿಕದ ಸೋಮವಾರಗಳಲ್ಲಿ ಮಾತ್ರ ಬಲ್ಬು ಆರಿಸಿ ಎಣ್ಣೆಯ ದೀಪ ಹಚ್ಚುತ್ತಾರೆ. ಹೊಳೆಯಲ್ಲಿ ಅದನ್ನು ನೋಡಿಕೊಂಡು ಬರುವವರು ಈಗ ಯಾರೂ ಇಲ್ಲ. ಹಾಗಿದ್ದರೂ ಶಾಂತಕುಮಾರಿ ಒಂದು ವರ್ಷವೂ ತಪ್ಪಿಸಲಿಲ್ಲ. ಹೋದ ವರ್ಷ ಮೈಯಲ್ಲಿ ಶಕ್ತಿ ಕಡಿಮೆಯಾಗಿತ್ತು. ಬೇಡವೆಂದರೂ ಹತ್ತಿದಳು. ಇಳಿಯಲು ಬಹಳ ಹೊತ್ತು ಮಾಡಿದಳು.

ಸೋಮವಾರ ಬೆಳಿಗ್ಗೆ ರಶ್ಮಿತಾ ಅರಳೆ ತಂದು ನನ್ನ ಮುಂದಿಟ್ಟಳು. ಬತ್ತಿ ಹೊಸೆಯುವುದು ಶಾಂತಕುಮಾರಿಯ ಕೆಲಸವಾಗಿತ್ತು, ರಶ್ಮಿತಾಳಿಗೆ ಬರುವುದಿಲ್ಲ. ನನಗೂ ಬರುವುದಿಲ್ಲ. ಜೀವಮಾನವೆಲ್ಲ ಅರಳೆ ಮಾರಿದವನಿಗೆ ಒಂದು ಬತ್ತಿ ನೆಟ್ಟಗೆ ಬರಲಿಲ್ಲ. ಮಗ ಬಸವಕಿರಣ್ ಅಂಗಡಿಗೆ ಹೊರಟವನು ನಿಂತು ನೋಡಿ, "ಅಪ್ಪಾಜಿ, ಇದು ಬತ್ತಿಯೋ ಹಗ್ಗವೋ?" ಎಂದ. ಎಷ್ಟೋ ಕಾಲದ ಮೇಲೆ ಮನೆಯಲ್ಲಿ ಮೂವರೂ ನಕ್ಕೆವು. ಕೊನೆಗೆ ಹಗ್ಗದಂಥ ಅದನ್ನೇ ಕಟ್ಟಿಕೊಂಡೆ.

ಮಧ್ಯಾಹ್ನದ ಮೇಲೆ ರಶ್ಮಿತಾ ಕಾರು ತೆಗೆದಳು. ಕೆ.ಬಿ. ಬಡಾವಣೆಯಿಂದ ಹೊರಟು ಬಾತಿ ಕೆರೆಗೆ ಬಂದೆವು. ಬಾತಿ ಗುಡ್ಡ ಕಂಡಾಗ ಶಾಂತಕುಮಾರಿ ಪ್ರತಿ ಸಲವೂ ಕೈ ಮುಗಿಯುತ್ತಿದ್ದಳು. ರಶ್ಮಿತಾ ಒಂದು ಕೈಯನ್ನು ಸ್ಟೇರಿಂಗಿನಿಂದ ತೆಗೆದು ಎದೆಗೆ ಮುಟ್ಟಿಸಿಕೊಂಡಳು. ಅವಳು ಯಾವಾಗ ಅದನ್ನು ಕಲಿತಳೋ ನಾನು ಗಮನಿಸಿರಲಿಲ್ಲ. ಹರಿಹರದಲ್ಲಿ ಹರಿಹರೇಶ್ವರನಿಗೆ ಹೂವು ಕೊಟ್ಟು ಮುಂದೆ ಹೋದೆವು.

"ಮಾವ, ಮೇಲೆ ಹತ್ತೋದು ಕಷ್ಟ ಐತಾ?" ಎಂದಳು.

"ನಾನು ಹತ್ತಿಲ್ಲವಲ್ಲ, ಹೆಂಗೆ ಹೇಳ್ಲಿ?" ಎಂದೆ.

ಬುರುಜಿನ ಹತ್ತಿರ ಬಕ್ಕೇಶ ಕೋಲೂರಿಕೊಂಡು ನಿಂತಿದ್ದ. ಮೊಣಕಾಲು ಹಿಡಿದುಕೊಂಡಿರುವುದರಿಂದ ಅವನು ಈಗ ಹತ್ತಲಾರ. ಬೊಮ್ಮಣ್ಣ ಆಗಲೇ ಕಲ್ಲಿನ ಮೇಲೆ ಕೂತಿದ್ದ. ತನ್ನ ಭಾಗದಲ್ಲಿ ಮಾತ್ರ ಕೂತು ನನ್ನ ಭಾಗ ಬಿಟ್ಟಿದ್ದ. ನಾನು ಹೋಗಿ ಕೂತೆ. ಮಂಡಕ್ಕಿಯ ಪೊಟ್ಟಣ ಬಿಚ್ಚಿದೆ. ಅವನು ಒಂದು ಮೆಣಸಿನಕಾಯಿ ತೆಗೆದು ಹಾಗೇ ಹಿಡಿದುಕೊಂಡ.

"ಬೊಮ್ಮಣ್ಣ, ನಿಜ ಹೇಳು" ಎಂದೆ. "ಅಳಿಯ ಹತ್ತಂಗಿಲ್ಲ ಅಂತ ಕಟ್ಟಳೆ ಇತ್ತೋ ಇಲ್ಲವೋ?"

ಅವನು ಬಕ್ಕೇಶನ ಕಡೆ ನೋಡಿದ. ಆಮೇಲೆ ಹೊಳೆಯ ಕಡೆ ನೋಡಿದ.

"ಈಗ್ಯಾಕ್ರಿ ಆ ಮಾತು?"

"ಹೇಳೋ."

"ಎಲ್ಲಿ ಕಟ್ಟಳೆ ಸಾವ್ಕಾರ್ರೆ. ನೀವು ಆವತ್ತು ಗೋಡಿಗೆ ಹಲ್ಲಿ ಹಂಗೆ ಅಂಟ್ಕಂಡಿದ್ರಿ. ಮ್ಯಾಲಿಂದ ಅಕ್ಕ ನೋಡಿದ್ಲು. ಜನದ ಮುಂದೆ ಹೊಸ ಅಳಿಯ ಅಂಜಿದ ಅಂತ ಆಗ್ಬಾರ್ದು ಅಂತ ಒಂದು ಕಟ್ಟಳೆ ಒಗದ್ಲು. ಮರುದಿನ ಬೆಳಿಗ್ಗೆ ಒಬ್ಬೊಬ್ಬರ ಮನಿಗೂ ಬಂದು ಹೇಳಿದ್ಲು, ಬಾಯಿ ಬಿಟ್ಟೀರಿ ಜ್ವಾಕೆ ಅಂತ."

"ಊರಿಗೆಲ್ಲ ಗೊತ್ತಿತ್ತು?"

"ದಡಕ್ಕೆಲ್ಲ ಗೊತ್ತಿತ್ರಿ. ಆಚೆ ದಡಕ್ಕೂ ಗೊತ್ತಿತ್ತು."

"ಮತ್ತೆ ನೀನು ವರ್ಷಾ ನನ್ನ ಪಕ್ಕ ಕೂತು, ಹಿರೇರು ಮಾಡಿದ್ದು ಅಂತಿದ್ದೆ."

"ಮೆಣಸಿನಕಾಯಿ ತಿಂದಿದ್ದೆನಲ್ಲ" ಎಂದ ಬೊಮ್ಮಣ್ಣ. ನಗು ಬರುತ್ತದೇನೋ ಎಂದು ನೋಡಿದ. ನನಗೆ ಬರಲಿಲ್ಲ. ಅವನು ಮೆಲ್ಲಗೆ, "ಅಕ್ಕನ ಮಾತು ಮೀರೋಕೆ ಆಗ್ತಿರ್ಲಿಲ್ರಿ. ಅದೂ ಒಂದು ಕಟ್ಟಳೆನೇ ಆಗಿತ್ತು ನಮಗೆ" ಎಂದ.

ನನಗೆ ಅತ್ತೆಯ ತೆರೆದು ಮುಚ್ಚಿದ ಬಾಯಿ ನೆನಪಾಯಿತು. ಆ ಮುದುಕಿಯೂ ಸಾಯುವವರೆಗೆ ನನ್ನ ಮುಂದೆ ಆ ಕಟ್ಟಳೆಯನ್ನು ಕಾಪಾಡಿಕೊಂಡು ಹೋದರು. ಶಾಂತಕುಮಾರಿ ಒಂದು ದಿನವೂ, ಜಗಳವಾಡಿದ ದಿನವೂ, ನಿಮಗೆ ಅಂಜಿಕೆ ಎಂದು ಬಾಯಿ ತಪ್ಪಿ ಆಡಲಿಲ್ಲ. ಸಿಟ್ಟು ಬರಬೇಕೆಂದರೆ ಯಾರ ಮೇಲೆ ಬರಬೇಕು? ಅವಳು ಎದುರಿಗಿದ್ದಿದ್ದರೆ ಎರಡು ಮಾತು ಕೇಳಬಹುದಿತ್ತು.

ಹೊತ್ತು ಇಳಿಯಿತು. ಆಚೆ ದಡದ ಗದ್ದೆಗಳ ಮೇಲೆ ಬಿಸಿಲು ಸ್ವಲ್ಪವೇ ಉಳಿದಿತ್ತು. ಬಕ್ಕೇಶ ಎಣ್ಣೆಯ ಗಿಂಡಿಯನ್ನು ತಂದು ನನ್ನ ಕೈಗೆ ಕೊಟ್ಟು, ಹೋಗಿ ಬಲ್ಬಿನ ಸ್ವಿಚ್ಚು ಆರಿಸಿದ. ನಾನು ಹಣೆಗೆ ವಿಭೂತಿ ಇಟ್ಟುಕೊಂಡು ಮೆಟ್ಟಿಲ ಹತ್ತಿರ ನಿಂತೆ. ಮೊದಲ ಕಲ್ಲಿನ ಮೇಲೆ ಕಾಲಿಟ್ಟು ತಲೆ ಎತ್ತಿದೆ. ಗೋಡೆ ತಿರುಗುವ ಜಾಗ ಕಂಡಿತು. ಅದರಾಚೆ ಬರೀ ಆಕಾಶ. ಅಂಗೈ ಮೊದಲಿನ ಹಾಗೆಯೇ ಬೆವೆತವು. ಆ ಅಂಜಿಕೆಗೆ ಮಾತ್ರ ವಯಸ್ಸಾಗಿರಲಿಲ್ಲ.

ರಶ್ಮಿತಾ ನನ್ನ ಮುಖ ನೋಡುತ್ತಿದ್ದಳು. ಬೇಗ ಹತ್ತಿರ ಬಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಮಾವ, ಮರೆತೇ ಬಿಟ್ಟಿದ್ದೆ ನೋಡ್ರಿ. ಡಾಕ್ಟ್ರು ನಿಮಗೆ ಮೆಟ್ಟಿಲು ಹತ್ತಬಾರದು ಅಂತ ಹೇಳಿದಾರಲ್ಲ. ಬೀಪಿ ಮಾತ್ರೆ ಬದಲು ಮಾಡಿದಾಗ ಹೇಳಿದ್ರು. ಗಿಂಡಿ ಕೊಡ್ರಿ, ನಾನು ಹಚ್ತೀನಿ. ನೀವು ಕಲ್ಲಿನ ಮ್ಯಾಲೆ ಕೂಡ್ರಿ."

ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ಮಾತ್ರೆಯೂ ಬದಲಾಗಿರಲಿಲ್ಲ. ಅವಳು ಕೈ ಚಾಚಿ ನಿಂತಿದ್ದಳು, ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ.

ಬಕ್ಕೇಶ ಬೇರೆ ಕಡೆ ನೋಡುತ್ತ, "ಡಾಕ್ಟ್ರು ಹೇಳಿದ್ರೆ ಏನು ಮಾಡೋಕಾಗ್ತೈತೆ. ಸೊಸೆ ಅಂದ್ರೆ ಮನಿ ಕೈನೇ. ನಡೀತೈತೆ ಬಿಡ್ರಿ" ಎಂದ. ಫೋನಿನಲ್ಲಿ ಅಷ್ಟು ಖಂಡಿತವಾಗಿ ಹೇಳಿದ್ದ ಕಟ್ಟಳೆಯನ್ನು ಅಷ್ಟು ಸುಲಭವಾಗಿ ಸಡಿಲಿಸಿದ. ಬೊಮ್ಮಣ್ಣ ಕಲ್ಲಿನ ಮೇಲಿಂದ, "ಡಾಕ್ಟ್ರ ಮಾತು ಮೀರಂಗಿಲ್ರಿ" ಎಂದು ಗಂಭೀರವಾಗಿ ತಲೆಯಾಡಿಸಿದ.

ಆ ತಲೆಯಾಡಿಸುವುದನ್ನು ನಾನು ಬಲ್ಲೆ. ಗಿಂಡಿ ಕೊಟ್ಟಿದ್ದರೆ ಮುಂದಿನ ವರ್ಷದಿಂದ ಡಾಕ್ಟರ ಕಟ್ಟಳೆ ನಡೆಯುತ್ತಿತ್ತು. ಮತ್ತೆ ಎಲ್ಲರೂ ಅದನ್ನು ಕಾಪಾಡುತ್ತಿದ್ದರು. ಕೊಡುವ ಮನಸ್ಸೂ ಆಯಿತು. ಆದರೆ ಕೊಟ್ಟರೆ ಶಾಂತಕುಮಾರಿಯ ಸಂಜೆಯನ್ನು ಕರುಣೆಯ ಮೇಲೆ ಉಳಿಸಿಕೊಂಡಂತೆ. ಮಾವ ಸತ್ತ ದಿನ ಅತ್ತೆ ಹತ್ತಿದ್ದು ಇದೇ ಮೆಟ್ಟಿಲು.

"ರಶ್ಮಿತಾ" ಎಂದೆ. "ಡಾಕ್ಟ್ರು ಹೇಳಿದ್ದು ಖರೇನಾ?"

ಅವಳು ಚಾಚಿದ್ದ ಕೈಯನ್ನು ಇಳಿಸಿದಳು.

"ನನಗೆ ಎತ್ತರ ಅಂದ್ರೆ ಅಂಜಿಕೆ ತಾಯಿ. ಮೊದಲಿಂದಲೂ ಐತೆ. ನಿನ್ನ ಅತ್ತೆಗೆ ಗೊತ್ತಿತ್ತು. ನೀನು ನನ್ನ ಹಿಂದೆ ಬಾ. ಗಿಂಡಿ ನೀನು ಹಿಡ್ಕೋ, ನನಗೆ ಎರಡೂ ಕೈ ಗೋಡಿಗೆ ಬೇಕು."

ಹತ್ತಿದೆವು. ಹೇಗೆ ಹತ್ತಿದೆನೆಂದು ಬಣ್ಣಿಸುವಂಥದೇನೂ ಇಲ್ಲ. ಗೋಡೆಯನ್ನೇ ನೋಡುತ್ತ ಹತ್ತಿದೆ. ಗಾರೆಯಲ್ಲಿ ಅಲ್ಲಲ್ಲಿ ಕೈಯೆತ್ತರದಲ್ಲಿ ನುಣುಪಾದ ಗುಳಿಗಳಿದ್ದವು. ಎಷ್ಟು ಜನ ಹೆಂಗಸರು ಎಣ್ಣೆಯ ಕೈ ಊರಿ ಆ ಗುಳಿಗಳಾಗಿದ್ದವೋ. ನನ್ನ ಬೆರಳುಗಳನ್ನು ಅವುಗಳಲ್ಲಿ ಇಟ್ಟೆ. ತಿರುವಿನಲ್ಲಿ ಗಾಳಿ ಬಂದು ಪಂಚೆಯನ್ನು ಎತ್ತಿತು. ಕೆಳಗೆ ನೀರಿನ ಸದ್ದು ಕೇಳಿಸಿತು. ನಿಂತುಬಿಟ್ಟೆ. ಹಿಂದಿನಿಂದ ರಶ್ಮಿತಾ, "ನಿಲ್ರಿ ಮಾವ, ಅವಸರ ಇಲ್ಲ. ನನಗೂ ಕಾಲು ನಡುಗ್ತೈತೆ" ಎಂದಳು. ಅದು ಖರೆಯೋ ಸುಳ್ಳೋ ಕೇಳಲಿಲ್ಲ. "ಶಿವ, ಶಿವ" ಎಂದುಕೊಂಡು ಕಾಲು ಎತ್ತಿದೆ.

ಗೂಡಿನೊಳಗೆ ಸೇರಿದಾಗ ಮೊದಲು ಕೂತೆ. ಹೊಂಗೆ ಎಣ್ಣೆಯ ಹಳೆಯ ವಾಸನೆ. ಕಾರ್ತಿಕದಲ್ಲಿ ಅವಳ ಸೀರೆಯಿಂದ ಬರುತ್ತಿದ್ದ ವಾಸನೆ. ರಶ್ಮಿತಾ ಮೆಟ್ಟಿಲ ಕೊನೆಯಲ್ಲೇ ನಿಂತು ಗಿಂಡಿಯನ್ನು ಒಳಗೆ ಚಾಚಿದಳು. ಬೋಗುಣಿಗೆ ಎಣ್ಣೆ ಸುರಿದು, ನನ್ನ ಹಗ್ಗದ ಬತ್ತಿ ಇಟ್ಟು, ಪಂಚಾಕ್ಷರಿ ಹೇಳಿ ಹಚ್ಚಿದೆ. ಮೊದಲು ಹೊಗೆ ಬಂತು. ಬಹಳ ಹೊತ್ತು ಹೊಗೆಯೇ ಬಂತು. ಆಮೇಲೆ ಉರಿ ನಿಂತಿತು. ಹಿತ್ತಾಳೆಯ ಪರಾತ ಕೆಂಪಾಗಿ ಬೆಳಗಿ, ಕೆಳಗೆ ಹೊಳೆಯ ತಿರುವಿನ ಕಲ್ಲುಗಳು ಒಂದೊಂದಾಗಿ ಕಂಡವು. ಅವುಗಳ ನಡುವೆ ದಾಟುವವರು ಯಾರೂ ಇರಲಿಲ್ಲ. ಆದರೂ ದಾರಿ ಕಂಡಿತು.

ಪರಾತದ ಹಿಂದೆ ಸರಿದಾಗಲೇ ತಿಳಿದದ್ದು. ಅಲ್ಲಿ ಕತ್ತಲೆ. ಬೆಳಕನ್ನೆಲ್ಲ ಪರಾತ ಹೊಳೆಗೆ ಕೊಟ್ಟು, ಊರಿನ ಕಡೆಗೆ ಎಳ್ಳಷ್ಟೂ ಬಿಟ್ಟಿರಲಿಲ್ಲ. ಕಿಂಡಿಗೆ ಬೆಳಕು ಬರುವ ದಾರಿಯೇ ಇಲ್ಲ. ಹಾಗಾದರೆ ನನ್ನ ಕಲ್ಲಿನ ಮೇಲೆ ಬೀಳುತ್ತಿದ್ದದ್ದು?

ಕೈಯಾಡಿಸಿದೆ. ಕಿಂಡಿಯ ಹೊಸ್ತಿಲಲ್ಲಿ ಒಂದು ಮಣ್ಣಿನ ಹಣತೆ ಸಿಕ್ಕಿತು. ಅದರ ಮೇಲಿನ ಕಲ್ಲು ಹೊಗೆ ಹಿಡಿದು ಕಪ್ಪಾಗಿತ್ತು, ಒಂದೆರಡು ವರ್ಷದ ಮಸಿಯಲ್ಲ. ಹಣತೆಯಲ್ಲಿ ಎಣ್ಣೆ ಒಣಗಿ ಅಂಟಾಗಿತ್ತು. ಅದರಲ್ಲಿ ಅರ್ಧ ಉರಿದ ಒಂದು ಬತ್ತಿ. ಇಲಿಗಳು ಹೇಗೆ ಬಿಟ್ಟಿದ್ದವೋ ಶಿವನಿಗೇ ಗೊತ್ತು. ಸಣ್ಣಗೆ, ಸಮನಾಗಿ, ತುದಿಗೆ ಒಂದು ಸುತ್ತು ಹೆಚ್ಚಾಗಿ ಹೊಸೆದ ಬತ್ತಿ. ಅಂಥ ಬತ್ತಿಗಳನ್ನು ನಮ್ಮ ದೇವರ ಮನೆಯಲ್ಲಿ ನಾನು ದಿನವೂ ನೋಡಿದ್ದೇನೆ.

"ಮಾವ?" ಎಂದಳು ರಶ್ಮಿತಾ.

"ಗಿಂಡೀಲಿ ಇನ್ನೊಂಚೂರು ಎಣ್ಣಿ ಐತೇನವ್ವ?"

ಇತ್ತು. ಹಣತೆಗೆ ಹಾಕಿದೆ. ಒಣಗಿದ ಬತ್ತಿ ಎಣ್ಣೆ ಕುಡಿಯುವವರೆಗೆ ಕಾದೆ. ದೊಡ್ಡ ದೀಪದಿಂದ ಒಂದು ಕಡ್ಡಿಗೆ ಉರಿ ತಂದು ಮುಟ್ಟಿಸಿದೆ. ನನ್ನ ಬತ್ತಿಯಂತೆ ಅದು ಹೊಗೆಯಾಡಲಿಲ್ಲ. ಒಮ್ಮೆಗೇ ಹೊತ್ತಿಕೊಂಡಿತು.

ಕಿಂಡಿಯಿಂದ ಕೆಳಗೆ ನೋಡಿದೆ. ಅಷ್ಟು ಹೊತ್ತಿಗೆ ಅಂಜಿಕೆ ಎಲ್ಲಿ ಹೋಗಿತ್ತೋ, ಅಥವಾ ಈ ಕಡೆ ಕೆಳಗೆ ನೆಲವಿದ್ದುದರಿಂದಲೋ, ತಲೆ ತಿರುಗಲಿಲ್ಲ. ಬೊಮ್ಮಣ್ಣ ಕಲ್ಲಿನ ಮೇಲೆ ತನ್ನ ಭಾಗದಲ್ಲೇ ಕೂತಿದ್ದ. ಅವನು ಅರ್ಧ ಕತ್ತಲೆಯಲ್ಲಿದ್ದ. ಹಣತೆಯ ಬೆಳಕು ಅವನ ಪಕ್ಕದ ಖಾಲಿ ಜಾಗದ ಮೇಲೆ, ಅಲ್ಲಿ ಮಾತ್ರ, ಬಿದ್ದಿತ್ತು. ಮಂಡಕ್ಕಿಯ ಪೊಟ್ಟಣ ಕಾಣುತ್ತಿತ್ತು. ಅವಳು ಪ್ರತಿ ವರ್ಷವೂ ನೋಡಿದ್ದು ಇದನ್ನೇ. ನನ್ನ ತಲೆಯ ಮೇಲಿನ ಟೋಪಿಯನ್ನು, ನನ್ನ ಕೈಯ ಮೆಣಸಿನಕಾಯಿಯನ್ನು, ಬುರುಜು ಕಟ್ಟಿದವರ ಜಾಣತನವನ್ನು ನಾನು ಹೊಗಳುವುದನ್ನು.

ಬೆಳಕು ಬಿದ್ದದ್ದು ಕಂಡು ಬೊಮ್ಮಣ್ಣ ತಲೆ ಎತ್ತಿದ. ಕಿಂಡಿಯಲ್ಲಿ ಯಾರ ಮುಖ ಕಾಣುವುದೆಂದು ಅರೆಗಳಿಗೆ ಅವನೂ ಕಾದ ಹಾಗಿತ್ತು. ಆಮೇಲೆ ಖಾಲಿ ಜಾಗವನ್ನು ಅಂಗೈಯಿಂದ ಒರೆಸಿದ.

"ಸಾವ್ಕಾರ್ರೆ" ಎಂದು ಕೂಗಿದ. "ನಿಮ್ಮ ಜಾಗಕ್ಕೆ ಬೆಳಕು ಬಂದೈತೆ. ನಿಧಾನಕ್ಕೆ ಇಳಿದು ಬರ್ರಿ."

ಇಳಿಯುವಾಗ ರಶ್ಮಿತಾ ಮುಂದೆ, ನಾನು ಹಿಂದೆ. ಕೆಳಗೆ ಬಂದು ಅವಳ ಕೈಗೆ ಉಳಿದ ಅರಳೆಯನ್ನು ಕೊಟ್ಟು, ಮುಂದಿನ ವರ್ಷದೊಳಗೆ ಬತ್ತಿ ಹೊಸೆಯುವುದನ್ನು ಇಬ್ಬರೂ ಯಾರಿಂದಲಾದರೂ ಕಲಿಯೋಣ ಎಂದೆ. ಬಕ್ಕೇಶ ಮನೆಗೆ ಊಟಕ್ಕೆ ಕರೆದ. ಸ್ವಲ್ಪ ತಡಿ ಎಂದು ಹೋಗಿ ಕಲ್ಲಿನ ಮೇಲೆ ನನ್ನ ಭಾಗದಲ್ಲಿ ಕೂತೆ. ಬೊಮ್ಮಣ್ಣ ಪೊಟ್ಟಣವನ್ನು ನನ್ನ ಕಡೆ ಸರಿಸಿದ. ಆ ಅರ್ಧ ಬತ್ತಿ ಉರಿದು ತೀರುವವರೆಗೆ ಇಬ್ಬರೂ ಎದ್ದೇಳಲಿ‍ಲ್ಲ.